ಅರ್ಧ ಉಡಿ, ಅರ್ಧ ಡ್ರಮ್ಮು

ಆಳಂದದಲ್ಲಿ ನಳಕ್ಕೆ ನೀರು ಬಂದ ದಿನ, ಡ್ರಮ್ಮು ಅರ್ಧ ತುಂಬುತ್ತಿದ್ದಂತೆ ನಳ ಬಂದ್ ಮಾಡಿ ಒಳಗೆ ಹೋಗುವ ಹೆಂಗಸಿಗೆ ಏನೆನ್ನಬೇಕು ಎಂಬುದರ ಬಗ್ಗೆ ನಮ್ಮ ಓಣಿಯಲ್ಲಿ ಇನ್ನೂ ಒಮ್ಮತ ಮೂಡಿಲ್ಲ. ಎದುರು ಮನೆಯ ಕಾಶೀಬಾಯಿ ಅದನ್ನು ಸೊಕ್ಕು ಎನ್ನುತ್ತಾರೆ. ಅವರ ಸೊಸೆ, ನನ್ನ ಮೇಲೆ ತುಸು ಕರುಣೆ ಉಳ್ಳವಳು, ಭಾಳ ಓದಿದರೆ ಹೀಗಾಗುವುದುಂಟು ಎನ್ನುತ್ತಾಳೆ. ನಮ್ಮೂರಲ್ಲಿ ನೀರು ದಿನಾ ಬರುವುದಿಲ್ಲ. ಬಂದಾಗ ಜನ ಹಂಡೆ, ಕೊಡ, ಬಕೀಟು ತುಂಬಿಸುತ್ತಾರೆ. ಇನ್ನೂ ಬರುತ್ತಿದ್ದರೆ ಕುಕ್ಕರು, ಚಹಾದ ಪಾತೇಲಿ, ಮಕ್ಕಳ ಶಾಲೆಯ ಬಾಟಲಿ. ಆಮೇಲೂ ಬರುತ್ತಿದ್ದರೆ ಹಳೆಯ ನೀರನ್ನು ಅಂಗಳಕ್ಕೆ ಚೆಲ್ಲಿ ಅದೇ ಪಾತ್ರೆಯನ್ನು ಮತ್ತೆ ತುಂಬಿಸುತ್ತಾರೆ. ಅಂಥ ಊರಿನಲ್ಲಿ ನಮ್ಮ ಬಚ್ಚಲ ಮನೆಯ ಎರಡು ನೀಲಿ ಡ್ರಮ್ಮುಗಳು ಅರ್ಧ ಹೊಟ್ಟೆಯಲ್ಲಿ ನಿಂತಿರುತ್ತವೆ. ಮುಂದಿನ ನಳ ಬರುವ ಮೊದಲೇ ನೀರು ಮುಗಿಯುತ್ತದೆ. ಆಗ ನಾನು ಕೊಡ ಹಿಡಿದು ಕಾಶೀಬಾಯಿಯವರ ಬಾಗಿಲಿಗೆ ಹೋಗುತ್ತೇನೆ. "ಬರ್ರಿ ಅರ್ಧ ಡ್ರಮ್ ಮೇಡಂ," ಎನ್ನುತ್ತಾರೆ ಅವರು. ಕಾಲೇಜಿನಲ್ಲಿ ಇತಿಹಾಸ ಕಲಿಸುವವಳಿಗೆ ಊರು ಕೊಟ್ಟ ಬಿರುದು ಇದೊಂದೇ.

ಸೊಕ್ಕಲ್ಲ ಇದು. ನನಗೆ ಏರುವ ನೀರನ್ನು ನೋಡಲಾಗುವುದಿಲ್ಲ. ಪೈಪು ಬಿಟ್ಟ ಹೊಸತರಲ್ಲಿ ಖಾಲಿ ಡ್ರಮ್ಮಿನ ತಳಕ್ಕೆ ನೀರು ಬಡಿದು ದೊಡ್ಡ ಸದ್ದಾಗುತ್ತದೆ. ಅಲ್ಲಿಯವರೆಗೆ ನಾನು ಸರಿಯಾಗೇ ಇರುತ್ತೇನೆ, ಒಂದು ಕೈಯಲ್ಲಿ ಪರೀಕ್ಷೆಯ ಪೇಪರನ್ನೂ ತಿದ್ದುತ್ತೇನೆ. ಆಮೇಲೆ ಸದ್ದು ಮೆತ್ತಗಾಗುತ್ತದೆ. ಮತ್ತೆ ಸದ್ದೇ ಇಲ್ಲದಂತಾಗಿ, ನೀರು ಸುಮ್ಮನೆ, ಯಾರಿಗೂ ಹೇಳದೆ, ಮೇಲೆ ಬರುತ್ತದೆ. ಡ್ರಮ್ಮಿನ ನಡುವೆ ಒಂದು ಪಟ್ಟಿ ಇದೆ, ಹೆಚ್ಚುಕಡಿಮೆ ನನ್ನ ಮೊಣಕಾಲಿನ ಮಟ್ಟ. ನೀರು ಅದನ್ನು ಮುಟ್ಟುತ್ತಲೇ ನನ್ನ ಕೈ ತಾನಾಗಿಯೇ ನಳ ತಿರುಗಿಸಿಬಿಡುತ್ತದೆ. ಅಲ್ಲಿಂದ ಮೇಲಕ್ಕೆ ನೀರು ಏನು ಮಾಡುತ್ತದೆ ಎಂಬುದನ್ನು ನಾನು ಒಮ್ಮೆ ನೋಡಿದ್ದೇನೆ, ಸಾಕು.

ನೋಡಿದ್ದು ಇಲ್ಲಿ ಅಲ್ಲ. ಇಲ್ಲಿ ಅಷ್ಟು ನೀರಾದರೂ ಎಲ್ಲಿದೆ? ನಾನು ಹುಟ್ಟಿದ್ದು ಜೇವರ್ಗಿಯಲ್ಲಿ, ಕೊಟ್ಟದ್ದು ಆಳಂದಕ್ಕೆ, ನಮ್ಮ ಅತ್ತೆ ಗುರುಬಾಯಿಯವರ ತವರು ಅಫಜಲಪುರ ತಾಲೂಕಿನ ಭೀಮೆಯ ದಂಡೆ. ಈ ಮೂರೂ ಕಡೆ ನೀರು ಎಂದರೆ ಹೇಳಿ ಬರುವ ಬೀಗರು. ಬೇಸಿಗೆಯಲ್ಲಿ ಭೀಮೆ ಬತ್ತಿದರೆ ಬತ್ತಿದಂತೆಯೇ. ಜನ ಹೊಳೆಯ ಉಸುಕಿನ ಮೇಲೆ ಗಾಡಿ ಇಳಿಸುತ್ತಾರೆ, ಬುತ್ತಿ ಬಿಚ್ಚಿ ಉಣ್ಣುತ್ತಾರೆ, ಆಚೆ ದಂಡೆಗೆ ನಡೆದುಹೋಗಿ ಮದುವೆ ಮಾತಾಡಿ ಬರುತ್ತಾರೆ. ಮೇಲೆ ಮಹಾರಾಷ್ಟ್ರದ ಡ್ಯಾಮಿನಿಂದ ನೀರು ಬಿಡುವುದಿದ್ದರೆ ಮುಂಚೆಯೇ ಹೊಳೆದಂಡೆಯ ಊರುಗಳಲ್ಲಿ ಡಂಗುರ ಸಾರುತ್ತಾರೆ: ದನ ಕಟ್ಟಿಕೊಳ್ಳಿ, ಮೋಟರ್ ಮೇಲೆ ತೆಗೆದುಕೊಳ್ಳಿ. ಡಂಗುರವಿಲ್ಲದೆ ನೀರು ಬಂದದ್ದನ್ನು ನನ್ನ ಗಂಡನ ಸೋದರಮಾವ ಸಿದ್ರಾಮ ಮಾಮ ತಮ್ಮ ಜನ್ಮದಲ್ಲಿ ಕಂಡಿರಲಿಲ್ಲ. ಕಳೆದ ಬೇಸಿಗೆಯವರೆಗೆ.

ಸಮುದ್ರ ನೋಡಬೇಕೆಂದು ಹಟ ಹಿಡಿದವರು ಅತ್ತೆ. ಮದುವೆಯಾದಾಗಿನಿಂದ ವರ್ಷವರ್ಷವೂ ತವರಿಗೆ ಹೋಗಿ ಭೀಮೆಗೆ ಉಡಿ ತುಂಬಿ ಬರುವವರು. ಹಸಿರು ಖಣ, ಬಳೆ, ಅರಿಷಿಣದ ಬೇರು, ತೆಂಗಿನಕಾಯಿ ಇಟ್ಟು, ಐದು ಹಿಡಿ ಅಕ್ಕಿ ಹಾಕಿ ನೀರಿಗೆ ಬಿಡುವುದು. ಮನೆಯ ಮಗಳಿಗೆ ತುಂಬುವ ಹಾಗೆಯೇ. "ಇಷ್ಟು ವರ್ಷ ಭೀಮವ್ವಗ ತುಂಬೀನಿ. ಆಕಿ ಎಲ್ಲಾ ಒಯ್ದು ಸಮುದ್ರಕ್ಕ ಕೊಡ್ತಾಳ. ಒಮ್ಮಿ ಸೀದಾ ಆ ತಾಯಿ ಕೈಯಾಗ ನಾನೇ ಕೊಟ್ಟು ಬರ್ತೇನಿ," ಎಂದರು. ನಮ್ಮ ಭೀಮೆ ಕೃಷ್ಣೆಯನ್ನು ಕೂಡಿ ಮೂಡಣ ಸಮುದ್ರಕ್ಕೆ ಹೋಗುತ್ತಾಳೆ, ಪಡುವಣ ಸಮುದ್ರಕ್ಕಲ್ಲ ಎಂದು ನಾನು ತಿಳಿಸಿದೆ. ಮಾಮ ನನ್ನನ್ನು ಕನಿಕರದಿಂದ ನೋಡಿ, "ಒಳಗಿಂದ ಎಲ್ಲಾ ಒಂದೇ ಇರ್ತದ ತಂಗಿ," ಎಂದರು. ನಾನು ಸುಮ್ಮನಾದೆ. ಹೀಗೆ ಸುಮ್ಮನಾಗುವ ಅಭ್ಯಾಸ ಆ ಪ್ರವಾಸದ ಮೊದಲ ದಿನವೇ ಶುರುವಾಯಿತು.

ನಮ್ಮವರು ಬಸವರಾಜ ಕಾರು ನಡೆಸುವುದು, ಅವರ ಪಕ್ಕದಲ್ಲಿ ಮಾಮ ದಾರಿ ಹೇಳುವುದು, ಹಿಂದೆ ಅತ್ತೆ, ನಾನು ಮತ್ತು ರೊಟ್ಟಿಯ ಗಂಟು. ಅಫಜಲಪುರದಲ್ಲಿ ಮಾಮನನ್ನು ಹತ್ತಿಸಿಕೊಂಡು, ಭೀಮೆ ದಾಟಿ, ವಿಜಯಪುರ, ಹುಬ್ಬಳ್ಳಿ, ಆಮೇಲೆ ಘಟ್ಟ. ಘಟ್ಟ ಇಳಿಯುವಾಗ ಮಾಮ ಮೊದಲ ಸಲ ಬಾಯಿ ಮುಚ್ಚಿ ಕೂತರು. ಅಷ್ಟು ಗಿಡಗಳನ್ನು ಒಟ್ಟಿಗೆ ಕಂಡು ಅವರಿಗೆ ಯಾರೋ ಅನ್ಯಾಯ ಮಾಡಿದಂತೆ ಅನ್ನಿಸಿತ್ತು. ಅಂಕೋಲೆಯಲ್ಲಿ ಸಮುದ್ರ ಕಂಡಿತು. ಅತ್ತೆ ಕಾರಿನೊಳಗಿಂದಲೇ ಕೈಮುಗಿದರು. ಮಾಮ ಬಹಳ ಹೊತ್ತು ನೋಡಿ, "ಇಷ್ಟು ನೀರು ಇಟಗೊಂಡು ಒಂದು ಎಕರೆ ಕಬ್ಬು ಹಾಕಿಲ್ಲಲ್ಲೋ ಬಸ್ಯಾ," ಎಂದರು. ಉಪ್ಪು ನೀರು ಮಾಮಾ ಎಂದು ನಮ್ಮವರು ಹೇಳಿದಾಗ, "ಹಂಗಾರ ಇದರದು ಉಪಯೋಗ ಏನು?" ಎಂದು ಕೇಳಿ, ಸೀಟನ್ನು ಹಿಂದಕ್ಕೆ ಒರಗಿಸಿ ಮಲಗಿದರು.

ಆಮೇಲೆ ಬಂದದ್ದೆಲ್ಲ ಮೀನಿನ ಊರುಗಳು. ಒಂದಾದ ಮೇಲೆ ಒಂದು, ಎಲ್ಲವೂ ಒಂದೇ ತಾಯಿಯ ಮಕ್ಕಳಂತೆ: ಒಂದು ಸೇತುವೆ, ಬಣ್ಣ ಬಳಿದ ದೋಣಿಗಳು, ದೋಣಿಗೊಂದು ಬಾವುಟ, ಬುಟ್ಟಿ ಮುಂದಿಟ್ಟುಕೊಂಡು ಕೂತ ಹೆಂಗಸರು, ಅವರ ಹಿಂದೆ ಬಹಳ ತಾಳ್ಮೆಯಿಂದ ಕಾಯುವ ಬೆಕ್ಕುಗಳು. ನಮ್ಮ ಕಡೆ ರಸ್ತೆಯ ಮೇಲೆ ತೊಗರಿ ಹರವಿದಂತೆ ಅವರು ರಸ್ತೆಯ ಬದಿಗೆ ಮೀನು ಹರವಿದ್ದರು. ಅತ್ತೆ ಸೆರಗಿನಲ್ಲಿ ಕರ್ಪೂರ ಕಟ್ಟಿ ಮೂಗಿಗೆ ಹಿಡಿದುಕೊಂಡರು. ಕೊರಳಲ್ಲಿ ಲಿಂಗವಿರುವ ಹೆಂಗಸು ಆ ಗಾಳಿಯಲ್ಲಿ ಉಸಿರಾಡಬಹುದೋ ಬಾರದೋ ಎಂದು ಕುಮಟೆಯವರೆಗೆ ಚರ್ಚೆ ನಡೆಯಿತು. ಉಸಿರಾಡದಿದ್ದರೆ ಉಡಿ ತುಂಬುವವರು ಯಾರು ಎಂದು ಮಾಮ ಕೇಳಿದ್ದರಿಂದ ಉಸಿರಾಡಬಹುದು ಎಂದು ತೀರ್ಮಾನವಾಯಿತು. ಊಟಕ್ಕೆ ಹೋಟೆಲಿಗೆ ಕಾಲಿಟ್ಟಲ್ಲೆಲ್ಲ ಮೀನೇ ಎದುರಾದ್ದರಿಂದ ನಾವು ಮರದ ನೆರಳು ಹುಡುಕಿ ನಮ್ಮದೇ ರೊಟ್ಟಿ, ಶೇಂಗಾ ಹಿಂಡಿ ತಿಂದೆವು. ಗಾಳಿ ಎಷ್ಟು ಹಸಿಯಾಗಿತ್ತೆಂದರೆ, ಕಟಕ್ ಎನ್ನುವ ನಮ್ಮ ಖಡಕ್ ರೊಟ್ಟಿ ಎರಡನೆಯ ದಿನಕ್ಕೆ ಚಪಾತಿಯಂತೆ ಮಡಚಿಕೊಳ್ಳತೊಡಗಿತು. ನಾನು ಅದರಲ್ಲಿ ಅಪಶಕುನ ಕಾಣಬೇಕಿತ್ತು.

ಕುಮಟೆ ದಾಟಿ ಹೊನ್ನಾವರ ಮುಟ್ಟುವ ಮೊದಲು ಒಂದು ಊರಿದೆ. ಹೆಸರು ಹೇಳಿದರೆ ಅಲ್ಲಿಯವರು ನಮ್ಮನ್ನು ಗುರುತು ಹಿಡಿದು ನಗುವ ಸಾಧ್ಯತೆ ಇರುವುದರಿಂದ ಹೇಳುವುದಿಲ್ಲ. ಅಲ್ಲೊಂದು ಹೊಳೆ ಸಮುದ್ರ ಸೇರುತ್ತದೆ. ನಾವು ಹೋದಾಗ ನೀರು ದೂರಕ್ಕೆ ಸರಿದು, ಅಗಲವಾದ ಉಸುಕಿನ ಬಯಲು ಬಿದ್ದುಕೊಂಡಿತ್ತು. ದೋಣಿಗಳು ಉಸುಕಿನ ಮೇಲೆ ಒಂದು ಮಗ್ಗುಲಿಗೆ ವಾಲಿ ಮಲಗಿದ್ದವು. ಟ್ರ್ಯಾಕ್ಟರಿನ ಗಾಲಿಯ ಗುರುತುಗಳೂ ಇದ್ದವು. ಮಾಮ ಎದ್ದು ಕೂತರು. ಮೂರು ದಿನದಲ್ಲಿ ಮೊದಲ ಸಲ ಅವರಿಗೆ ಗೊತ್ತಿರುವ ದೇಶ ಕಂಡಿತ್ತು.

"ಇಳಿಸು ಬಸ್ಯಾ ಗಾಡಿ. ಇದು ಪಕ್ಕಾ ನಮ್ಮ ಹೊಳಿ ಇದ್ದಂಗ ಅದ. ನಡಕ್ಕ ಹೋಗಿ ಉಣ್ಣೋಣು."

"ಮಾಮಾ, ಸಮುದ್ರದ ನೀರು ದಿನಾ ಏರಿ ಇಳೀತದಂತ್ರಿ," ಎಂದೆ ನಾನು.

"ಬ್ಯಾಸಗಿಯಾಗ ಎಲ್ಲಿಂದ ಏರ್ತದ ತಂಗಿ? ಮ್ಯಾಲ ಡ್ಯಾಮ್ ಬಿಟ್ರ ಏರ್ತದ. ಡ್ಯಾಮ್ ಬಿಡೂದಿದ್ರ ಡಂಗುರ ಹೊಡೀತಿದ್ರು. ಯಾರರ ಹೊಡದಾರೇನು? ನೀ ಕೇಳಿಯೇನು?"

ನಾನು ಕೇಳಿರಲಿಲ್ಲ. ಇತಿಹಾಸ ಕಲಿಸುವವರ ದೌರ್ಬಲ್ಯ ಇದು: ಆಧಾರ ಕೊಡು ಎಂದರೆ ಸುಮ್ಮನಾಗಿಬಿಡುತ್ತೇವೆ. ಚಂದ್ರ ಎಳೆಯುತ್ತಾನೆ, ನೀರು ಏರುತ್ತದೆ ಎಂಬುದನ್ನು ನಾನು ಹೈಸ್ಕೂಲಿನಲ್ಲಿ ಚಿತ್ರ ಸಮೇತ ಬರೆದು ಪೂರ್ಣ ಅಂಕ ಪಡೆದಿದ್ದೆ. ಆದರೆ ಮಟಮಟ ಮಧ್ಯಾಹ್ನದಲ್ಲಿ, ಕಣ್ಣಿಗೆ ಕಾಣದ ಚಂದ್ರನನ್ನು ಕಣ್ಣೆದುರಿನ ಮಾಮನ ವಿರುದ್ಧ ನಿಲ್ಲಿಸುವ ಧೈರ್ಯ ಬರಲಿಲ್ಲ. ನಮ್ಮವರು ಕಾರು ಇಳಿಸಿದರು. ಉಸುಕಿನ ನಡುವೆ ಚಾಪೆ ಹಾಸಿ, ಮನೆದೇವರನ್ನು ನೆನೆದು, ಪುಂಡಿಪಲ್ಯ, ಮೊಸರು, ಮೆತ್ತಗಾದ ರೊಟ್ಟಿ ಉಂಡೆವು. ಸುಖವಾಗಿತ್ತು ಎಂಬುದನ್ನು ಒಪ್ಪಿಕೊಳ್ಳಬೇಕು. ಮಾಮ ಕಾರಿನ ನೆರಳಿಗೆ ಟವೆಲ್ ಹಾಸಿ ಮಲಗಿದರು. ನಮ್ಮವರು ಕಾರಿನ ಗಾಜಿನ ಮೇಲಿನ ಧೂಳು ಒರೆಸುತ್ತ ನಿಂತರು. ನನಗೆ ಬಿಸಿಲಿಗೆ ತಲೆ ಸಿಡಿಯುತ್ತಿತ್ತು. ಅತ್ತೆ ಉಡಿಯ ಗಂಟು ಎತ್ತಿಕೊಂಡು, "ನೀ ದಂಡಿ ಮ್ಯಾಲ ನೆಳ್ಳಾಗ ಕುಂದ್ರು ಹೋಗು ಸುವರ್ಣಾ, ನಾ ತುಂಬಿ ಬರ್ತೇನಿ," ಎಂದರು. ನಾನು ದಂಡೆಯ ಕಲ್ಲಿನ ಕಟ್ಟೆಗೆ ಬಂದು ಕೂತೆ. ಅತ್ತೆ ನೀರು ಹುಡುಕಿಕೊಂಡು ಉಸುಕಿನ ಮೇಲೆ ನಡೆಯುತ್ತ ನಡೆಯುತ್ತ ಒಂದು ಹಸಿರು ಬೊಂಬೆಯಷ್ಟಾದರು.

ಇಲ್ಲಿಂದ ಮುಂದಿನದನ್ನು ನಾನು ಎಷ್ಟು ಸಲ ನೋಡಿದ್ದೇನೋ ಗೊತ್ತಿಲ್ಲ. ರೊಟ್ಟಿ ಬಡಿಯುವಾಗ, ಹಾಜರಿ ಕೂಗುವಾಗ, ಬಸ್‌ಸ್ಟ್ಯಾಂಡಿನಲ್ಲಿ ಕಲಬುರಗಿ ಬಸ್ಸಿಗೆ ಕಾಯುವಾಗ ಅದು ತಾನಾಗಿ ಶುರುವಾಗುತ್ತದೆ. ಮೊದಲು ಒಂದು ದೋಣಿ ಅಲುಗುತ್ತದೆ. ಉಸುಕಿನ ಮೇಲೆ ವಾಲಿ ಮಲಗಿದ್ದ ದೋಣಿ, ನಿದ್ದೆಯಿಂದ ಏಳುವವರಂತೆ, ನಿಧಾನಕ್ಕೆ ನೆಟ್ಟಗಾಗುತ್ತದೆ. ಅದನ್ನು ನೋಡಿ ನಾನು ಚೆಂದವಿದೆ ಎಂದುಕೊಂಡೆ. ಆಮೇಲೆ ನೋಡಿದರೆ ಅತ್ತೆ ನಡೆದು ಹೋಗಿದ್ದ ತಗ್ಗಿನಲ್ಲಿ ನೀರು ಹೊಳೆಯುತ್ತಿತ್ತು. ಅದು ಅಲೆಯಂತೆ ಅಬ್ಬರಿಸಿ ಬರಲಿಲ್ಲ. ಅಬ್ಬರಿಸಿದ್ದರೆ ಯಾರಾದರೂ ಎಚ್ಚರಾಗುತ್ತಿದ್ದರು. ಹಾಸಿಗೆಯ ಮೇಲೆ ಹಾಲು ಚೆಲ್ಲಿದಂತೆ ಸುಮ್ಮನೆ ಹರಡಿಕೊಂಡು, ಅತ್ತೆ ನಿಂತ ಉಸುಕಿನ ದಿಬ್ಬಕ್ಕೂ ದಂಡೆಗೂ ನಡುವೆ ಒಂದು ಹೊಳೆಯನ್ನು ಮಾಡಿಬಿಟ್ಟಿತು.

ಕಾರಿನ ಹತ್ತಿರ ಮಾಮ ಎದ್ದು, ಒದ್ದೆಯಾದ ಟವೆಲ್ ಹಿಡಿದು, ಜನ್ಮದಲ್ಲಿ ಮರೆಯಲಾರದ ಮುಖ ಮಾಡಿಕೊಂಡು, "ಯಾವ ಡ್ಯಾಮ್ ಬಿಟ್ರೋ ಬಸ್ಯಾ?" ಎಂದು ಕೂಗಿದ್ದು ನನಗೆ ದಂಡೆಗೂ ಕೇಳಿಸಿತು. ನಮ್ಮವರು ಕಾರು ಚಾಲೂ ಮಾಡಿದರು, ಗಾಲಿ ಉಸುಕಿನಲ್ಲಿ ಹೂತಿತು, ಇಬ್ಬರೂ ಇಳಿದು ದಬ್ಬತೊಡಗಿದರು. ಇಬ್ಬರ ಬೆನ್ನೂ ಸಮುದ್ರದ ಕಡೆ. ನನ್ನ ಮುಖ ಮಾತ್ರ ಆ ಕಡೆ ಇತ್ತು.

ನಾನು ಚೀರಿದೆ. "ಅತ್ತಿ ಅಲ್ಲೇ ಅದಾರ, ನೋಡ್ರಿ" ಎಂದು ಚೀರಿದೆ. ಗಾಳಿ ಸಮುದ್ರದ ಕಡೆಯಿಂದ ನನ್ನ ಕಡೆಗೆ ಬೀಸುತ್ತಿತ್ತು; ಅವರ ಮಾತು ನನಗೆ ಬರುತ್ತಿತ್ತು, ನನ್ನದು ಅವರಿಗೆ ಹೋಗುತ್ತಿರಲಿಲ್ಲ. ನಮ್ಮವರು ತಿರುಗಿ ನೋಡದೆ ಒಂದು ಕೈ ಎತ್ತಿ, "ಆತು, ಇನ್ನೊಂದು ಜರಾ ದಬ್ಬಿದ್ರ ಬರ್ತದ," ಎಂದರು. ಕಾರಿನ ಬಗ್ಗೆ ನನಗಿದ್ದ ಕಾಳಜಿಯನ್ನು ಅವರು ಇವತ್ತಿಗೂ ಮೆಚ್ಚುತ್ತಾರೆ. ನಾನು ಸೆರಗು ಬಿಚ್ಚಿ ಅತ್ತೆಯ ಕಡೆ ಬೀಸಿದೆ. ಅತ್ತೆ ನನ್ನನ್ನು ನೋಡಿದರು. ನೋಡಿ, ಎರಡೂ ಕೈ ಜೋಡಿಸಿ, ನೀರಿನ ಕಡೆ ತಿರುಗಿ ನಿಂತುಬಿಟ್ಟರು. ನೀರು ಅವರ ಹಿಮ್ಮಡಿಗಿತ್ತು. ಆಮೇಲೆ ಸೀರೆಯ ಅಂಚು ಕಾಣಲಿಲ್ಲ. ಆಮೇಲೆ ಮೊಣಕಾಲು. ಅವರು ಅಲುಗಲಿಲ್ಲ. ಗುಡಿಯಲ್ಲಿ ಮಂಗಳಾರತಿಗೆ ನಿಂತಂತೆ ನಿಂತಿದ್ದರು. ನಾನು ನೀರಿಗೆ ಇಳಿದೆ. ಕಟ್ಟೆಯ ಕೆಳಗೆ ಆಳ; ಎರಡು ಹೆಜ್ಜೆಗೆ ನೆಲವೇ ಸಿಗದೆ ಕಲ್ಲು ತಬ್ಬಿಕೊಂಡು ಮೇಲೆ ಬಂದೆ. ನನಗೆ ಈಜು ಬರುವುದಿಲ್ಲ. ನಮ್ಮ ಮನೆಯಲ್ಲಿ ಯಾರಿಗೂ ಬರುವುದಿಲ್ಲ, ಮಾಮನಿಗೆ ಬಾವಿಯಲ್ಲಿ ಬರುತ್ತದೆ. ನೀರು ಅತ್ತೆಯ ಸೊಂಟಕ್ಕೆ ಬಂತು.

ಆಗ ಒಂದು ಸಣ್ಣ ದೋಣಿ ಬಂತು. ಅದರಲ್ಲಿ ಹುಟ್ಟು ಹಾಕುವ ಗಂಡ, ಮೀನಿನ ಬುಟ್ಟಿ ಹಿಡಿದ ಹೆಂಡತಿ. ಹೆಂಡತಿಯ ಹೆಸರು ಮೋಹಿನಿ ಎಂಬುದು ಆಮೇಲೆ ತಿಳಿಯಿತು. ಅವಳ ದನಿ ಮಾತ್ರ ಆಗಲೇ ಇಡೀ ಊರಿಗೆ ಕೇಳಿಸುವಂತಿತ್ತು.

"ಹೋಯ್ ಅಮ್ಮಾ, ಅಲ್ಲಿ ನಿಂತ್ಕಂಡು ಎಂತ ಮಾಡ್ತ್ರಿ?"

"ಗಂಗವ್ವ ಬಂದಾಳ," ಎಂದರಂತೆ ಅತ್ತೆ. "ಇಷ್ಟು ವರ್ಷ ನಾನೇ ಹೋಗ್ತಿದ್ದೆ. ಇವತ್ತು ಆಕಿನೇ ಎದ್ದು ಬಂದಾಳ. ಹ್ಯಾಂಗ ಬಿಟ್ಟು ಬರ್ಲಿ?"

"ಅವಳು ದಿನಕ್ಕೆ ಎರಡು ಸಲ ಬರ್ತಾಳೆ ಮಾರಾಯ್ತಿ, ಅವಳಿಗೆ ಬೇರೆ ಕೆಲಸ ಇಲ್ಲ. ಹತ್ತಿ ಮೊದಲು."

ಹತ್ತಿಸಿದ್ದೆಂದರೆ, ತೋಳು ಹಿಡಿದು ಎಳೆದು ಬುಟ್ಟಿಯ ಪಕ್ಕ ಕೆಡವಿದ್ದು. ಐದು ಹಿಡಿ ಹಾಕಬೇಕಾದ ಅಕ್ಕಿ ಎರಡೇ ಹಿಡಿ ಹಾಕಿ ಆಗಿತ್ತು. ಉಳಿದದ್ದು ಒದ್ದೆ ಗಂಟಾಗಿ ಅತ್ತೆಯ ಮುಷ್ಟಿಯಲ್ಲೇ ಇತ್ತು. ನೀರಿಗೆ ಬಿಟ್ಟ ತೆಂಗಿನಕಾಯಿ ತೇಲುತ್ತ ದೋಣಿಯ ಹಿಂದೆಯೇ ಬಂತು. ಮೋಹಿನಿ ಅದನ್ನು ಎತ್ತಿಕೊಂಡು, ಅಲ್ಲಾಡಿಸಿ ನೋಡಿ, "ಒಳ್ಳೆ ಕಾಯಿ. ಸಂಜೆ ಸಾರಿಗಾಯ್ತು," ಎಂದಳು. ಕೊರಳಲ್ಲಿ ಲಿಂಗ, ಮಡಿಲಲ್ಲಿ ಎರಡು ಬಂಗಡೆ ಮೀನು ಇಟ್ಟುಕೊಂಡು ನಮ್ಮ ಅತ್ತೆ ದಂಡೆಗೆ ಬಂದಿಳಿದರು. ಮೂಗಿಗೆ ಕರ್ಪೂರ ಹಿಡಿದಿರಲಿಲ್ಲ. ನಾನು ಅವರನ್ನು ತಬ್ಬಿಕೊಂಡು ಅಳುತ್ತಿದ್ದೆ. ಆಗ ಕಾರು ದಂಡೆ ಹತ್ತಿತು. ನಮ್ಮವರು, ಮಾಮ ಇಬ್ಬರೂ ಹೆಮ್ಮೆಯಿಂದ ಬಂದು, ನಾನು ಸಂತೋಷಕ್ಕೆ ಅಳುತ್ತಿದ್ದೇನೆ ಎಂದು ತಿಳಿದು, "ಏನೂ ಆಗಿಲ್ಲ ಗಾಡಿಗಿ," ಎಂದು ಸಮಾಧಾನ ಹೇಳಿದರು.

ಊರಿಗೆ ಬಂದ ಮೇಲೆ ಇದು ಕತೆಯಾಯಿತು. ಕತೆಯಾದದ್ದೇ ನನಗೆ ದೊಡ್ಡ ಪೆಟ್ಟು. ಆಳಂದದಲ್ಲಿ ಯಾರ ಮನೆಯ ತೊಟ್ಟಿಲ ಕಾರ್ಯಕ್ರಮವಿರಲಿ, ಹೆಂಗಸರು ಅತ್ತೆಯನ್ನು ನಡುವೆ ಕೂರಿಸಿ, "ಹೇಳ್ರಿ ಗುರುಬಾಯಿ, ಸಮುದ್ರ ಹ್ಯಾಂಗ ಎದ್ದು ಬಂತು," ಎನ್ನುತ್ತಾರೆ. ಅತ್ತೆ ಹೇಳುತ್ತಾರೆ. ಪ್ರತಿ ಸಲ ಗಂಗವ್ವ ಇನ್ನಷ್ಟು ದೂರದಿಂದ ಬರುತ್ತಾಳೆ. ಅವರ ಕತೆಯಲ್ಲಿ ನಾನೂ ಇದ್ದೇನೆ: "ನನ್ನ ಸೊಸಿ ದಂಡಿ ಮ್ಯಾಲ ನಿಂತು ಸೆರಗು ಬೀಸಿ ಬೀಸಿ ತಾಯಿನ್ನ ಕರದಳು." ಮಾಮನ ಕತೆಯಲ್ಲಿ ಕಾರೇ ಎಲ್ಲ. ಡಂಗುರ ಸಾರದೆ ನೀರು ಬಿಟ್ಟ ಆ ಕಡೆಯ ಅಧಿಕಾರಿಗಳ ಬೇಜವಾಬ್ದಾರಿಯ ಬಗ್ಗೆ ಅವರು ಅಫಜಲಪುರದ ಚಹಾದಂಗಡಿಯಲ್ಲಿ ಇಂದಿಗೂ ಮಾತಾಡುತ್ತಾರೆ. ನಮ್ಮವರು ಎಂಜಿನ್ನಿನ ಗುಣಗಾನ ಮಾಡುತ್ತಾರೆ. ನಾನು ನೋಡಿದ್ದು ಯಾರ ಕತೆಯಲ್ಲೂ ಇಲ್ಲ. ನನ್ನ ತಲೆಯೊಳಗೆ ಆ ಮಧ್ಯಾಹ್ನ ಮತ್ತೆ ಮತ್ತೆ ನಡೆಯುತ್ತದೆ, ಮತ್ತು ಅಲ್ಲಿ ಆ ದೋಣಿ ಒಮ್ಮೊಮ್ಮೆ ತಡವಾಗಿ ಬರುತ್ತದೆ. ಒಮ್ಮೊಮ್ಮೆ ಬರುವುದೇ ಇಲ್ಲ. ನೀರಿನ ಮೇಲೆ ಹಸಿರು ಖಣ ಮಾತ್ರ ಇರುತ್ತದೆ. ಆಗ ನಾನು ಕ್ಲಾಸಿನಲ್ಲಿ ಬಹಮನಿ ಸುಲ್ತಾನರನ್ನು ಅರ್ಧಕ್ಕೇ ಬಿಟ್ಟು ಹೊರಗೆ ಬಂದು, ಮನೆಗೆ ಫೋನ್ ಮಾಡಿ, "ಅತ್ತಿ, ಏನ್ ಮಾಡಾಕತ್ತೀರಿ?" ಎಂದು ಕೇಳುತ್ತೇನೆ. "ಬ್ಯಾಳಿ ಆರಸಾಕತ್ತೇನಿ, ಯಾಕ?" ಎನ್ನುತ್ತಾರೆ. ಏನೂ ಇಲ್ಲ ಎಂದು ಇಡುತ್ತೇನೆ. ಯಾರಿಗೆ ಹೇಳುವುದು? ಮುಳುಗಬೇಕಾಗಿದ್ದವರು ನಗುನಗುತ್ತ ಬೇಳೆ ಆರಿಸುತ್ತಿರುವಾಗ, ದಂಡೆಯ ಮೇಲೆ ನಿಂತವಳಿಗೆ ಏನಾಗಿದೆ ಎಂದು ಯಾರು ಕೇಳಿಯಾರು?

ಇಷ್ಟರಲ್ಲೇ ಮುಗಿದಿದ್ದರೆ ಅರ್ಧ ಡ್ರಮ್ಮಿನಲ್ಲಿ ಹೇಗೋ ಬಾಳು ಸಾಗುತ್ತಿತ್ತು. ಮೋಹಿನಿ ಮತ್ತು ಅತ್ತೆ ಫೋನಿನ ಗೆಳತಿಯರಾಗಿದ್ದಾರೆ. ಆ ಕಾಯಿಯ ಮೀನು ಸಾರು ಬಹಳ ರುಚಿಯಾಗಿತ್ತೆಂಬುದನ್ನು ಅತ್ತೆ ಮಠದ ಪ್ರಸಾದದ ಸುದ್ದಿ ಹೇಳುವಂತೆ ಹೇಳುತ್ತಾರೆ. ಹೋದ ತಿಂಗಳು ಫೋನ್ ಇಟ್ಟವರೇ ಎಲ್ಲರನ್ನೂ ಕರೆದು ಹೇಳಿದರು: ಉಡಿ ಅರ್ಧಕ್ಕೇ ನಿಂತಿದೆ, ಐದು ಹಿಡಿ ಆಗದ ಉಡಿ ಉಡಿಯಲ್ಲ, ಈ ಸಲದ ಎಳ್ಳಮಾವಾಸ್ಯೆಗೆ ಹೋಗಿ ಪೂರ್ತಿ ಮಾಡಿ ಬರುವುದು. "ಎಳ್ಳಮಾಸಿಗೆ ನೆಲದವ್ವಗ ಹೊಲದಾಗ ಉಡಿ ತುಂಬ್ತೇವಿ. ಈ ಸಲ ನೀರಿನವ್ವಗ." ಅಮಾವಾಸ್ಯೆಯ ದಿನ ಸಮುದ್ರ ಉಳಿದ ದಿನಗಳಿಗಿಂತ ಹೆಚ್ಚು ಏರುತ್ತದೆ ಎಂದು ನಾನು ಹೇಳಿದೆ. "ಹೌದೇನು? ಹಂಗಾರ ಭಾಳ ಛಲೋ ದಿನ," ಎಂದರು ಅತ್ತೆ. ಮಾಮ ಫೋನಿನಲ್ಲಿ ಒಪ್ಪಿಗೆ ಕೊಟ್ಟು, ಟ್ರ್ಯಾಕ್ಟರಿನ ಹಗ್ಗ ತರುವುದಾಗಿ ಹೇಳಿದರು, ಹಗ್ಗ ಕಾರಿಗೆ. ನಮ್ಮವರು ಗಾಲಿಯ ಹವಾ ನೋಡಲು ಹೊರಗೆ ಹೋದರು. ನಾನು ಬರುವುದಿಲ್ಲ, ಯಾರೂ ಹೋಗಕೂಡದು, ಹೋಗುವುದಿದ್ದರೆ ನನ್ನ ಹೆಣದ ಮೇಲೆ ಎಂದೆಲ್ಲ ಹೇಳಿ ಅಡುಗೆಮನೆಯ ಬಾಗಿಲು ಹಾಕಿಕೊಂಡೆ. ನನ್ನ ಪ್ರತಿಭಟನೆಯ ಫಲವಾಗಿ ಅಂದಿನ ಅಡುಗೆಯೂ ನನ್ನ ಪಾಲಿಗೇ ಬಂತು.

ಮರುದಿನ ನಳ ಬಂತು. ನಾನು ಡ್ರಮ್ಮಿನ ಮುಂದೆ ಕೂತಿದ್ದೆ. ಸದ್ದು ಮೆತ್ತಗಾಯಿತು, ನೀರು ಪಟ್ಟಿಯನ್ನು ಮುಟ್ಟಿತು, ನನ್ನ ಕೈ ನಳಕ್ಕೆ ಹೋಯಿತು. ಹಿಂದಿನಿಂದ ಇನ್ನೊಂದು ಕೈ ಬಂದು ನನ್ನ ಕೈಯ ಮೇಲೆ ಕೂತಿತು. ಅತ್ತೆ ಯಾವಾಗ ಬಂದು ನಿಂತಿದ್ದರೋ ತಿಳಿಯದು.

"ಮೊಣಕಾಲ ತನಕ ನೋಡ್ತಿ, ಮುಂದ ನೋಡಾಕ ಆಗೂದಿಲ್ಲ. ಹೌದಿಲ್ಲೋ?"

ನಾನು ಪಟ್ಟಿಯಿಂದ ಕಣ್ಣು ತೆಗೆದು ಗೋಡೆಯ ಕಡೆ ತಿರುಗಿದೆ.

"ನನಗೂ ಅಲ್ಲೇ ತಿಳೀತಬೇ," ಎಂದರು. "ಗಂಗವ್ವ ಬಂದಾಳ ಅಂದಿದ್ದು ಖರೆ. ಮೊಣಕಾಲಿಗಿ ನೀರು ಬಂದಾಗ ಕಾಲ ಕೆಳಗಿನ ಉಸುಕು ಸರಿಯಾಕತ್ತಿತು. ನೀ ಸೆರಗು ಯಾಕ ಬೀಸಿದಿ ಅನ್ನೋದು ಆಗ ತಿಳೀತು. ತಿರಗಿದ್ರ ಬೀಳ್ತೇನಿ. ಚೀರಿದ್ರ ನೀ ಹಾರ್ತಿ, ನಿನಗ ಈಜು ಬರೂದಿಲ್ಲ. ಅದಕ್ಕ ಮುಗದ ಕೈ ಮುಗದಂಗೇ ನಿಂತೆ."

"ಎಲ್ಲಾರ ಮುಂದ ನಕ್ಕೋತ ಹೇಳ್ತೀರಲ್ರಿ ಅತ್ತಿ."

"ಮತ್ತ ಅಂಜಿದ್ದೆ ಅಂತ ಹೇಳಲೇನು? ತೊಟ್ಟಿಲ ಕಾರ್ಯದಾಗ?" ನಳವನ್ನು ತಾವೇ ಬಂದ್ ಮಾಡಿ ಹೇಳಿದರು: "ದಿನಾ ಕನಸಿನಾಗ ಆ ನೀರು ಬರ್ತದ ಸುವರ್ಣಾ. ಸೊಂಟಕ್ಕ ಬಂದು ನಿಂದರ್ತದ. ಮ್ಯಾಲ ಹೋಗೂದಿಲ್ಲ, ಕೆಳಗ ಇಳಿಯೂದಿಲ್ಲ. ಕೈಯಾಗ ಅಕ್ಕಿ ಹಂಗೇ ಇರ್ತದ. ಅರ್ಧಕ್ಕ ಬಿಟ್ಟದ್ದಕ್ಕೇ ಹಂಗ. ಮೂರು ಹಿಡಿ ಹಾಕಿ ಬಂದ್ರ ಬಿಡ್ತದೇನೋ ಅಂತ. ನೀ 'ಏನ್ ಮಾಡಾಕತ್ತೀರಿ' ಅಂತ ಫೋನ್ ಹಚ್ಚಿದಾಗ ಒಮ್ಮೊಮ್ಮಿ ನಾ ಅದೇ ನೀರಾಗ ನಿಂತಿರ್ತೇನಿ. ಬ್ಯಾಳಿ ಅಂತ ಸುಳ್ಳ ಹೇಳ್ತೇನಿ."

ಇಷ್ಟು ದಿನ ಆ ನೀರಿನಲ್ಲಿ ನಾನೊಬ್ಬಳೇ ಇದ್ದೇನೆ ಎಂದುಕೊಂಡಿದ್ದೆ. ಒಂದೇ ಮನೆಯಲ್ಲಿ, ಒಂದೇ ಗೋಡೆಯ ಆಚೆಗೊಬ್ಬರು ಈಚೆಗೊಬ್ಬರು, ಇಬ್ಬರೂ ಅಲ್ಲೇ ನಿಂತಿದ್ದೆವು; ಒಬ್ಬರಿಗೊಬ್ಬರು ಬೇಳೆಯ ಸುದ್ದಿ ಹೇಳಿಕೊಳ್ಳುತ್ತಿದ್ದೆವು.

"ಬ್ಯಾಡ ಅಂದ್ರ ನೀ ಬರಬ್ಯಾಡ," ಎಂದರು ಅತ್ತೆ. "ಬಂದ್ರೂ ನೀರಿಗಿ ಇಳೀಬ್ಯಾಡ. ಹ್ವಾದ ಸಲದಂಗ ದಂಡಿ ಮ್ಯಾಲ ನಿಂದ್ರು."

ನನ್ನ ಬಾಯಿಂದ ಮಾತು ಹೊರಟಿದ್ದು ಆ ಒಂದು ಪದಕ್ಕೆ. "ದಂಡಿ ಮ್ಯಾಲ ನಾ ನಿಂದ್ರೂದಿಲ್ರಿ. ಉಡಿ ತಾಟು ನಾ ಹಿಡಕೊಂತೇನಿ. ನಿಮ್ಮ ಮಗ್ಗಲದಾಗೇ ನಿಂದರ್ತೇನಿ." ಹೇಳಿದ ಮೇಲೆ ಏನು ಹೇಳಿದೆನೆಂದು ನನಗೇ ತಿಳಿಯಿತು. ಆದರೆ ಸುಳ್ಳಲ್ಲ. ನೀರು ನನ್ನ ಸೊಂಟಕ್ಕೆ ಬಂದರೆ ಬರಲಿ; ಇನ್ನೊಬ್ಬರ ಸೊಂಟಕ್ಕೆ ಬರುವುದನ್ನು ದೂರದಿಂದ ನೋಡುವ ಕೆಲಸ ಇನ್ನೊಮ್ಮೆ ನನ್ನಿಂದಾಗದು. ಮೋಹಿನಿಗೆ ಅಂದೇ ಫೋನ್ ಮಾಡಿದೆ. ನೀರು ಇಳಿಯುವ ಹೊತ್ತಿಗೆ ಬನ್ನಿ, ದೋಣಿಯನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡಿರುತ್ತೇವೆ, ಕಾಯಿ ಎರಡು ತನ್ನಿ ಎಂದಳು.

ಹಾಗಾಗಿ ಈಗ ನಮ್ಮ ಮನೆಯಲ್ಲಿ ತಯಾರಿ ನಡೆದಿದೆ. ನಳ ಬಂದ ದಿನ ಅತ್ತೆ ನನ್ನ ಕೈ ಹಿಡಿದು ಡ್ರಮ್ಮಿನ ಮುಂದೆ ನಿಲ್ಲುತ್ತಾರೆ. ಸೊಸೆಗೆ ಧೈರ್ಯ ಕೊಡುತ್ತಿದ್ದೇನೆ ಎಂದು ಅವರು, ಅತ್ತೆಗೆ ಕೊಡುತ್ತಿದ್ದೇನೆ ಎಂದು ನಾನು. ಮೊದಲ ಸಲ ಪಟ್ಟಿ ದಾಟಿತು. ಮುಂದಿನ ನಳಕ್ಕೆ ಮುಕ್ಕಾಲಿಗೆ ಬಂತು. ನಿನ್ನೆ ನಾವಿಬ್ಬರೂ ಒಬ್ಬರ ಬೆರಳನ್ನು ಒಬ್ಬರು ಮುರಿಯುವಷ್ಟು ಹಿಡಿದುಕೊಂಡು ನೋಡುತ್ತಿರುವಾಗಲೇ ಡ್ರಮ್ಮು ತುಂಬಿ, ತುಳುಕಿ, ನೀರು ನಮ್ಮ ಪಾದಕ್ಕೆ ಬಂತು. ಈಚೆಗೆ ನಾನು ಕೊಡ ಹಿಡಿದು ಬಾರದ್ದನ್ನು ಕಂಡು, ಏನಾಯಿತೋ ಎಂದು ನೋಡಲು ಬಂದ ಕಾಶೀಬಾಯಿಗೆ ಕಂಡದ್ದು ಇಷ್ಟು: ನಳ ಜೋರಾಗಿ ಬಿಟ್ಟಿದೆ, ತುಂಬಿದ ಡ್ರಮ್ಮಿನಿಂದ ನೀರು ಗಟಾರಕ್ಕೆ ಹರಿಯುತ್ತಿದೆ, ನಳ ಬಂದ್ ಮಾಡುವವರಿಲ್ಲ. ಗುರುಬಾಯಿಯವರು ಕಣ್ಣು ಮುಚ್ಚಿ ಕೈಮುಗಿದು ನಿಂತಿದ್ದಾರೆ. ಸಮುದ್ರಕ್ಕೆ ಇಳಿಯಲು ತಯಾರಾಗಿರುವ ಅವರ ಸೊಸೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹತ್ತಿ ಕೂತಿದ್ದಾಳೆ.